ಎಂಟು ಜಿಬಿಯ ನಂಟು

ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ನಾನು ಮನೆಯಲ್ಲೇ ಪ್ರಿಂಟ್ ಡಿಸೈನ್ ಮಾಡಿಕೊಡುತ್ತೇನೆ. ದೊಡ್ಡ ಡಿಸೈನ್ ತೆರೆದರೆ ಮೆಮೊರಿ ಸಾಲದೆ ಕಂಪ್ಯೂಟರ್ ನಿಂತುಬಿಡುತ್ತಿತ್ತು. ಹದಿನಾರು ಜಿಬಿಯ ಗ್ರಾಫಿಕ್ಸ್ ಕಾರ್ಡೇ ಬೇಕೆಂದು ಗಂಡನ ಜೊತೆ ಕೊಯಮತ್ತೂರಿನ ಅಂಗಡಿಗೆ ಹೋದೆ. ಎಂಟು ಜಿಬಿಯದೇ ಸಾಕೆಂದು ಅಂಗಡಿಯವನು ತಮಿಳಿನಲ್ಲಿ ಕೊರೆಯತೊಡಗಿದ. ಇವನಿಗೆಲ್ಲಿ ತಿಳಿಯುತ್ತದೆ ಎಂದು ನಾನು ಗಂಡನಿಗೆ ಕನ್ನಡದಲ್ಲಿ ಜೋರಾಗಿಯೇ ಹೇಳಿದೆ: "ಈ ಕಳ್ಳ ಖರ್ಚಾಗದೆ ಉಳಿದಿದ್ದನ್ನ ನಮ್ಮ ತಲೆಗೆ ಕಟ್ತಾವ್ನೆ. ಬನ್ನಿ, ಹೋಗಾಣ."

"ಕಳ್ಳ ಅನ್ಬೇಡಿ ಅಕ್ಕಾ," ಎಂದ ಅವನು, ನಮ್ಮ ಮನೆಯ ಕನ್ನಡದಲ್ಲೇ.

ನನ್ನ ಗಂಡ ಕರಗಿ ನೀರಾದರು. "ಅಯ್ಯೋ, ನಮ್ಮೋರಾ! ಯಾವೂರು?"

ಕಾಫಿ ಬಂತು. ಎಂಟು ಜಿಬಿಯ ಕಾರ್ಡು ಮನೆಗೆ ಬಂತು. ಕಂಪ್ಯೂಟರ್ ಈಗಲೂ ನಿಲ್ಲುತ್ತದೆ, ಇವರು ಈಗಲೂ "ಪಾಪ, ನಮ್ಮೋನು" ಅಂತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಆವತ್ತು ತಮಿಳಿನಲ್ಲೇ ಬೈದಿದ್ದರೆ ಹದಿನಾರು ಜಿಬಿ ಸಿಕ್ಕಿರುತ್ತಿತ್ತು.