ತಕರಾರು ಪೆಟ್ಟಿಗೆ

ನಮ್ಮ ಅಪ್ಪ ಒಂದು ಶನಿವಾರ ಮಧ್ಯಾಹ್ನ ಕ್ರೈಸ್ತರ ಪಾಪನಿವೇದನೆಯ ಪೆಟ್ಟಿಗೆಯೊಳಗೆ ಹೋಗಿ ಕುಳಿತು ಏನು ಹೇಳಿದ ಎಂಬುದನ್ನು ತಿಳಿಯಲು ನಾನು ಅರ್ಧ ಆಯುಷ್ಯ ಕಾದೆ. ಅಪ್ಪ ಕ್ರೈಸ್ತನಲ್ಲ. ಗಜೇಂದ್ರಗಡದಲ್ಲಿ ಸೀರೆ ನೇಯುತ್ತಿದ್ದವನು, ಅದಕ್ಕೂ ಮೊದಲು ಚರ್ಚಿನೊಳಗೆ ಕಾಲಿಟ್ಟವನಲ್ಲ. ಆದರೆ ಆವತ್ತು ಅವನು ಆ ಪೆಟ್ಟಿಗೆಯೊಳಗೆ ಹೋಗಿ ಬಂದದ್ದರಿಂದಲೇ ನಾನು ಶಾಲೆ ಬಿಡುವುದು ತಪ್ಪಿತು. ಇಂಥ ಸಂಗತಿಯನ್ನು ಕೇಳದೆ ಸುಮ್ಮನಿರು ಎಂದರೆ ಹೇಗಿರಲಿ? ಮೊದಲೇ ನನಗೆ ಕಂಡದ್ದರಲ್ಲೆಲ್ಲ ಮೂಗು ತೂರಿಸುವ ಚಟ.

ಶಾಲೆ ರೋಣದ ಅಂಚಿನಲ್ಲಿದೆ. ಬರೀ ಗಂಡುಹುಡುಗರ ಶಾಲೆ, ಪಕ್ಕದಲ್ಲೇ ಹಾಸ್ಟೆಲ್, ಅದರಾಚೆ ಒಂದು ಸಣ್ಣ ಚರ್ಚು. ಈಗ ನಾನು ಅಲ್ಲಿ ಮಾಸ್ತರ. ಹಳೆಯವರು ಹೇಳುವ ಪ್ರಕಾರ, ಕರಾವಳಿಯಿಂದ ಬಂದ ಒಬ್ಬ ಫಾದರ್ ಅದನ್ನು ಬಾಡಿಗೆ ಮನೆಯಲ್ಲಿ ಶುರುಮಾಡಿದರು. “ಜಾತಿ ಕೆಡಸ್ತಾರ” ಎಂದು ಜನ ಮಕ್ಕಳನ್ನು ಕಳಿಸಲಿಲ್ಲ. ಫಾದರ್ ಜಗಳಕ್ಕೆ ಹೋಗಲಿಲ್ಲ. ದಿನಾ ಬೆಳಗ್ಗೆ ಕಟ್ಟೆಯ ಮೇಲೆ ಕುಳಿತು, ಹಾದುಹೋಗುವವರಿಗೆಲ್ಲ ತಮ್ಮ ಪುಸ್ತಕದ ಕನ್ನಡದಲ್ಲಿ “ನಮಸ್ಕಾರ, ಹೇಗಿದ್ದೀರಿ?” ಎನ್ನುತ್ತಿದ್ದರು. “ಚಲೋ ಅದೀನ್ರಿ” ಎಂದು ದಿನವೂ ಉತ್ತರ ಕೊಟ್ಟು ಸಾಕಾದ ಒಬ್ಬ ಮುಸಲ್ಮಾನ ವ್ಯಾಪಾರಿ ಕೊನೆಗೆ ತನ್ನ ಮಕ್ಕಳನ್ನು ಕರೆತಂದು, “ಇಷ್ಟು ಮರ್ಯಾದಿಲೆ ಮಾತಾಡಸ್ತೀರಿ, ಇವರನ್ನೂ ಹಿಂಗ ಮಾತಾಡಸ್ತೀರೋ ನೋಡೂಣ್ರಿ” ಎಂದು ಸೇರಿಸಿಯೇ ಬಿಟ್ಟನಂತೆ. ಕೊಣ್ಣೂರು, ಶಿರೋಳ, ಮೆಣಸಗಿಯ ಹುಡುಗರು ಆಮೇಲೆ ಬಂದರು. ನಾನು ಸೇರುವ ಹೊತ್ತಿಗೆ ಅದೇ ಫಾದರ್ ತಲೆ ನರೆತು ಹೆಡ್‌ಮಾಸ್ತರರಾಗಿ ಇನ್ನೂ ಇದ್ದರು.

ಹುಡುಗರಲ್ಲಿ ಕ್ರೈಸ್ತರು ಒಬ್ಬರೂ ಇರಲಿಲ್ಲ. ಇದ್ದವರೆಂದರೆ ಫಾದರ್, ಡ್ರಿಲ್ ಮಾಸ್ತರು, ಮತ್ತು ಫಾದರ್ ಜೊತೆಗೇ ಕರಾವಳಿಯಿಂದ ಬಂದ ಹಾಸ್ಟೆಲಿನ ಅಡುಗೆಯವ. ಆದರೂ ಚರ್ಚಿನ ಮೂಲೆಯಲ್ಲಿ ಆಳೆತ್ತರದ, ಎರಡು ಬಾಗಿಲಿನ ಒಂದು ಮರದ ಪೆಟ್ಟಿಗೆ ಇತ್ತು. ನಡುವೆ ಒಂದು ಹಲಗೆ, ಹಲಗೆಯಲ್ಲಿ ಜಾಳಿಗೆಯ ಕಿಟಕಿ. ಒಂದು ಕಡೆ ಫಾದರ್ ಕೂಡುತ್ತಾರೆ, ಇನ್ನೊಂದು ಕಡೆ ತಪ್ಪು ಮಾಡಿದವರು ಮೊಣಕಾಲೂರಿ ಕಿಟಕಿಯಲ್ಲಿ ಮೆಲ್ಲಗೆ ಹೇಳಿಕೊಳ್ಳುತ್ತಾರೆ. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ನಮಗೆ ಕಂಡದ್ದು ಇಷ್ಟೇ: ಪ್ರತಿ ಶನಿವಾರ ಅಡುಗೆಯವ ತಲೆ ತಗ್ಗಿಸಿ ಒಳಗೆ ಹೋಗುತ್ತಾನೆ, ಮುಖ ಸಣ್ಣದು ಮಾಡಿಕೊಂಡು ಹೊರಗೆ ಬರುತ್ತಾನೆ, ಮರುದಿನ ಭಾನುವಾರ ಸಾರು ಭರ್ಜರಿಯಾಗಿರುತ್ತದೆ. ಭಾನುವಾರ ಫಾದರ್ ನಮ್ಮ ಪಂಕ್ತಿಯಲ್ಲೇ ಊಟಕ್ಕೆ ಕೂಡುತ್ತಿದ್ದರು, ಸಾರಿನ ರುಚಿಗೆ ಅದೇ ಕಾರಣ ಎಂದು ಒಬ್ಬನ ತಲೆಗೂ ಹೊಳೆಯಲಿಲ್ಲ. ಒಳಗೆ ಕೂರಿಸಿ ಫಾದರ್ ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳುತ್ತಾರೆ ಎಂದೇ ನಮ್ಮ ಲೆಕ್ಕ.

ಹಾಗಿದ್ದರೆ ಅಡುಗೆಯವನ ಮೇಲಿನ ತಕರಾರನ್ನೂ ಅಲ್ಲೇ ಕೊಡಬೇಕಲ್ಲವೇ? ಒಂದು ಶನಿವಾರ ಮೆಣಸಗಿಯ ಹುಡುಗನೊಬ್ಬ ನುಗ್ಗಿಯೇ ಬಿಟ್ಟ. ನಾವು ಬಾಗಿಲಿಗೆ ಕಿವಿ ಹಚ್ಚಿ ನಿಂತೆವು.

“ಫಾದರ್ರಿ, ಸಾರಿನ್ಯಾಗ ಬ್ಯಾಳಿ ಇರಂಗಿಲ್ರಿ.”

ಒಳಗಿನಿಂದ ಫಾದರ್ ದನಿ: “ಮಗಾ, ಇದು ಪಾಪ ಹೇಳಿಕೊಳ್ಳುವ ಜಾಗ.”

“ಹೌದ್ರಿ, ಪಾಪನ ಅಲ್ಲೇನ್ರಿ ಅದು? ನಾವು ನೀರು ಕುಡದ ಏಳತೇವಿ.”

ಫಾದರ್ ನಕ್ಕದ್ದು ಹೊರಗೆ ಕೇಳಿಸಿತು. ಆದರೆ ಮರುದಿನ ಅಡುಗೆಯವನ ಮುಂದೆ ಅವರು ಚಕಾರವೆತ್ತಲಿಲ್ಲ. ಮುಂದಿನ ಶನಿವಾರ ಹುಡುಗ ಸಿಟ್ಟಿನಿಂದ ಮತ್ತೆ ಒಳಗೆ ಹೋದ. ಆಗ ಫಾದರ್ ಹೇಳಿದ ಮಾತು ನಮ್ಮ ಶಾಲೆಯ ಕಾಯಿದೆಯೇ ಆಗಿಹೋಯಿತು: “ಇಲ್ಲಿ ಹೇಳಿದ್ದು ನನ್ನ ಕಿವಿಗೆ ಬೀಳುತ್ತದೆ, ಬಾಯಿಗೆ ಬರುವುದಿಲ್ಲ. ನೀನು ಯಾವ ಧರ್ಮದವನೇ ಆಗಿರು, ನಾನು ಹೊರಗೆ ಹೇಳುವಂತಿಲ್ಲ. ಏನಾದರೂ ಆಗಬೇಕಿದ್ದರೆ ನೀನೇ ಹೊರಗೆ ಬಂದು ಹೇಳು. ಧೈರ್ಯ ಸಾಲದಿದ್ದರೆ ಇಲ್ಲಿ ನನ್ನ ಮುಂದೆ ಒಮ್ಮೆ ಹೇಳಿ ನೋಡು.”

ಹುಡುಗ ಅಲ್ಲೇ ಹೇಳಿ ನೋಡಿದ. ಆಮೇಲೆ ನೇರ ಅಡುಗೆಮನೆಗೆ ಹೋಗಿ, ಎಲ್ಲರ ಎದುರು, ಬೇಳೆಯ ಮಾತು ಎತ್ತಿದ. ಅಡುಗೆಯವ ಸೌಟು ಎತ್ತಿದ್ದೂ ಖರೆ, ಸೋಮವಾರದಿಂದ ಸಾರಿನಲ್ಲಿ ಬೇಳೆ ಕಂಡದ್ದೂ ಖರೆ.

ಅಲ್ಲಿಂದ ಶನಿವಾರ ಬಂತೆಂದರೆ ಚರ್ಚಿನ ಮುಂದೆ ಸಾಲು. ಗಣಿತದ ಮಾಸ್ತರರ ಮೇಲೆ, ಹಾಸಿಗೆ ಪಕ್ಕದವನ ಗೊರಕೆಯ ಮೇಲೆ, ಮನೆಯಿಂದ ಬಾರದ ಅವ್ವನ ಮೇಲೆ. ನಾವು ಅದಕ್ಕೆ ‘ತಕರಾರು ಪೆಟ್ಟಿಗೆ’ ಎಂದೇ ಹೆಸರಿಟ್ಟೆವು. ಮೊಣಕಾಲೂರುವುದು ಯಾರಿಗೆ ಗೊತ್ತು? ಎಲ್ಲರೂ ಊಟಕ್ಕೆ ಕುಳಿತಂತೆ ಚಕ್ಕಳಮಕ್ಕಳ ಹಾಕಿ ಕೂಡುತ್ತಿದ್ದೆವು. ಕಿಟಕಿ ನಮ್ಮ ತಲೆಯ ಮೇಲಾಗುತ್ತಿತ್ತು. ಫಾದರ್ ಒಂದು ದಿನವೂ ಮೊಣಕಾಲೂರಿ ಎನ್ನಲಿಲ್ಲ. ಬಡಿಗನನ್ನು ಕರೆಸಿ ಕೆಳಗೆ ಇನ್ನೊಂದು ಕಿಟಕಿ ಕೊರೆಸಿದರು. ಕುಳಿತವರ ಮಾತು ಕೇಳಲು ಪಾಪ ಅವರೇ ಬಗ್ಗಬೇಕಾಗುತ್ತಿತ್ತು. ಅಂಥ ಎರಡು ಕಿಟಕಿಯ ಪೆಟ್ಟಿಗೆ ಬೇರೆ ಯಾವ ಚರ್ಚಿನಲ್ಲಾದರೂ ಇದೆಯೇ ಎಂದು ಹೋದಹೋದಲ್ಲಿ ಇಣುಕಿದ್ದೇನೆ, ಎಲ್ಲೂ ಕಂಡಿಲ್ಲ. “ಆ ಸಾಲಿ ಹುಡುಗರಿಗೆ ಬಾಯಿ ಭಾಳ” ಎಂದು ರೋಣದ ಜನ ಈಗಲೂ ಅನ್ನುತ್ತಾರೆ. ಆ ಬಾಯಿ ಎಲ್ಲಿ ಬಂತೆಂದು ಅವರಿಗೇನು ಗೊತ್ತು!

ಇನ್ನು ಅಪ್ಪನ ವಿಷಯ. ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದೆ. ನಮ್ಮ ಮನೆಯಲ್ಲಿ ಎರಡು ಮಗ್ಗ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವಂಥವು. ಒಂದರ ಮೇಲೆ ಅಪ್ಪ, ಇನ್ನೊಂದರ ಮೇಲೆ ಅಜ್ಜ. ಆ ವರ್ಷ ಅಜ್ಜನ ಕಣ್ಣು ಮಂದವಾಗಿ ಎಳೆ ಕಾಣದಂತಾಯಿತು. ದೀಪಾವಳಿ ಸೂಟಿಯಲ್ಲಿ ಅಜ್ಜ ಖಂಡಿತವಾಗಿ ಹೇಳಿಬಿಟ್ಟ: “ಇನ್ನ ಸಾಲಿ ಸಾಕು. ಹುಡುಗ ಬಂದು ಮಗ್ಗಕ್ಕ ಕುಂಡ್ರಲಿ.” ಅಜ್ಜನ ಮಾತಿಗೆ ನಮ್ಮ ಮನೆಯಲ್ಲಿ ಎದುರುತ್ತರ ಇರಲಿಲ್ಲ. ಅಪ್ಪ ತಲೆ ಎತ್ತಿ ಕೂಡ ನೋಡಲಿಲ್ಲ. ನಾನು ಹಾಸ್ಟೆಲಿಗೆ ಮರಳಿದ್ದು ಬರೀ ಟ್ರಂಕು ಕಟ್ಟಿಡಲು.

ಆ ಶನಿವಾರ ಅಪ್ಪ ಬಂದ. ಟ್ರಂಕನ್ನು ಬಸ್ಸಿನ ಮೇಲೆ ಕಟ್ಟಲು ಹೊಸ ಹಗ್ಗವೊಂದನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡಿದ್ದ. ಅದನ್ನು ನೋಡಿದ್ದೇ ನನ್ನ ಜೀವ ಹಾರಿಹೋಯಿತು. ಫಾದರ್ ಎಲ್ಲಿ ಎಂದು ಕೇಳಿದ. ನಾನು ಚರ್ಚಿನತ್ತ ಕೈ ತೋರಿಸಿದೆ. ಸಾಲಿನಲ್ಲಿ ನಿಂತಿದ್ದ ಶಿರೋಳದ ಹುಡುಗನೊಬ್ಬ ಅಪ್ಪನಿಗೆ ಎಲ್ಲ ವಿವರಿಸಿದ: “ಒಳಗ ಹೋಗಿ ಏನ ಬೇಕಾದ್ದ ಹೇಳ್ರಿ ಕಾಕಾ. ಹೊರಗ ಹೋಗಂಗಿಲ್ಲ.” ಅಪ್ಪ ಸ್ವಲ್ಪ ಹೊತ್ತು ಯೋಚಿಸಿದ. ಆಮೇಲೆ ಚಪ್ಪಲಿ ಬಿಟ್ಟು, ಟೊಪ್ಪಿಗೆ ತೆಗೆದು, ಆ ಹುಡುಗರ ಹಿಂದೆ ಸಾಲಿನಲ್ಲಿ ನಿಂತ.

ಒಳಗೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಗರು ಬೇಸತ್ತು ಆಡಲು ಹೋದರು. ಕಿವಿ ಹಚ್ಚಬೇಕೆಂದು ನನಗೂ ಅನ್ನಿಸಿತು, ಆದರೆ ಹೆದರಿ ದೂರವೇ ನಿಂತೆ. ಹೊರಗೆ ಬಂದಾಗ ಅಪ್ಪನ ಮುಖ ಕೆಂಪಾಗಿತ್ತು. “ಚಲೋತ್ನಂಗ ಓದು” ಎಂದ, ಅಷ್ಟೇ. ಹಗ್ಗವನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಟ್ರಂಕು ಬಿಟ್ಟು, ಬಸ್ಸಿಗೆ ಹೊರಟುಹೋದ. ಆ ಹಗ್ಗ ಮುಂದೆ ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗವಾಯಿತು.

ಯುಗಾದಿಗೆ ಮನೆಗೆ ಹೋದರೆ ಅಜ್ಜನ ಮಗ್ಗದ ಮೇಲೆ ಅವ್ವ ಕುಳಿತಿದ್ದಳು. “ಇದ್ಯಾವಾಗ ಕಲ್ತಿ?” ಎಂದರೆ, “ಸುಮ್ನ ಕುಂತು ಬ್ಯಾಸರಾಕ್ಕಿತ್ತಪಾ” ಎಂದು ನಕ್ಕಳು. ಅವಳಿಗೆ ನೇಯುವುದು ಇಷ್ಟ ಎಂದುಕೊಂಡೆ. ನನಗಿದ್ದದ್ದು ಒಂದೇ ಪ್ರಶ್ನೆ, ಆ ಪೆಟ್ಟಿಗೆಯದು. ಹತ್ತನೆಯ ಇಯತ್ತೆ ಮುಗಿದಾಗ ಫಾದರನ್ನು ಕೇಳಿದೆ. “ಕಾಯಿದೆ ಮರೆತೆಯಾ?” ಎಂದು ಕಿವಿ ಹಿಂಡಿದರು. ಅಪ್ಪನನ್ನು ಕೇಳಿದರೆ, “ಏನೋ ಒಂದ ಹೇಳಿದೆ, ಬಿಡು.” ಫಾದರ್ ತೀರಿಹೋಗಿ ಬಹಳ ವರ್ಷವಾಯಿತು. ಉತ್ತರ ಸಿಗದಿದ್ದರೇನು, ನಾನೇ ಒಂದು ಕಟ್ಟಿಕೊಂಡೆ. ಹಟಮಾರಿ ಅಪ್ಪನನ್ನು ಫಾದರ್ ಒಳಗೆ ಕೂರಿಸಿ ಬುದ್ಧಿ ಹೇಳಿ ಒಪ್ಪಿಸಿದರು ಎಂದು. ತರಗತಿಯಲ್ಲಿ ಹುಡುಗರಿಗೂ ಹಾಗೆಯೇ ಹೇಳುತ್ತ ಬಂದೆ.

ಈ ಬೇಸಿಗೆಯಲ್ಲಿ ಈಗಿನ ಫಾದರ್, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕರೆದು ಹೇಳಿದರು: “ಸರ್, ಪೆಟ್ಟಿಗೆಗೆ ಪೂರಾ ಗೆದ್ದಲು ಹಿಡಿದಿದೆ. ಸೋಮವಾರ ಬಿಚ್ಚಿಸಿಬಿಡೋಣ.” ರಾತ್ರಿ ಊಟಕ್ಕೆ ಕುಳಿತಾಗ ಮನೆಯಲ್ಲಿ ಈ ಮಾತು ತೆಗೆದೆ. ಅಪ್ಪ ಅವ್ವ ಈಗ ರೋಣದಲ್ಲಿ ನಮ್ಮ ಜೊತೆಗೇ ಇದ್ದಾರೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, “ನನ್ನ ಒಮ್ಮೆ ಕರಕೊಂಡ ಹೋಗು” ಎಂದ.

ಮರುದಿನ ಸಂಜೆ ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಅಪ್ಪ ಪೆಟ್ಟಿಗೆಯನ್ನು ಒಂದು ಸುತ್ತು ನೋಡಿದ, ಗೆದ್ದಲ ಮಣ್ಣನ್ನು ಕೈಯಿಂದ ಒರೆಸಿದ, ಗೋಡೆ ಹಿಡಿದು ಮೆಲ್ಲಗೆ ಒಳಗೆ ಕುಳಿತ. ಅದೇ ಚಕ್ಕಳಮಕ್ಕಳ.

“ಆ ಕಡೆ ಹೋಗಿ ಕುಂಡ್ರು,” ಎಂದ.

“ಅದು ಫಾದರ್ ಜಾಗ ಅಪ್ಪಾ.”

“ಮತ್ತ ನಾ ಯಾರ ಮುಂದ ಹೇಳಲಿ? ಲಗೂ ಹೋಗು.”

ಹೋಗಿ ಕುಳಿತೆ. ಕೆಳಗಿನ ಕಿಟಕಿಗೆ ಬಗ್ಗಿದೆ. ಜಾಳಿಗೆಯಲ್ಲಿ ಅಪ್ಪನ ಮುಖ ಕಾಣಲಿಲ್ಲ, ಉಸಿರು ಕೇಳುತ್ತಿತ್ತು.

“ನಿನ್ನ ಬಿಡಸೂ ಮನಸು ನಂಗಿರಲಿಲ್ಲೋ ತಮ್ಮಾ,” ಎಂದ. “ನಮ್ಮಪ್ಪಗ ಅಂಜಿ ಹಗ್ಗ ಹಿಡಕೊಂಡ ಬಂದಿದ್ದೆ. ಫಾದರ್‌ಗೆ ಕೈ ಮುಗದೆ. ಹುಡುಗನ್ನ ಬಿಡಂಗಿಲ್ಲಂತ ನೀವ ಹೇಳ್ರಿ, ಸಾಲಿಯವರು ಒಪ್ಪಲಿಲ್ಲಂತ ನಾ ಮನ್ಯಾಗ ಹೇಳತೇನಿ ಅಂದೆ.”

ಇಷ್ಟು ವರ್ಷ ಹಟಮಾರಿ ಎಂದು ನಾನು ಕಥೆ ಹೇಳಿದ್ದು ಈ ಮನುಷ್ಯನ ಬಗ್ಗೆಯೇ!

“ಫಾದರ್ ಏನಂದ್ರು?”

“ಆಗಂಗಿಲ್ಲ ಅಂದ್ರು! ಇಲ್ಲಿ ಹೇಳಿದ್ದ ನಾ ಹೊರಗ ಹೇಳಂಗಿಲ್ಲ, ನಿಮ್ಮ ಅಪ್ಪಗ ನೀವ ಹೇಳ್ರಿ ಅಂದ್ರು. ಭಾಳ ಸಿಟ್ಟ ಬಂತು. ಬೇಕಾದ್ರ ನನ್ನನ್ನ ನಿಮ್ಮ ಅಪ್ಪ ಅಂತ ತಿಳಕೊಂಡು ಹೇಳಿ ನೋಡ್ರಿ ಅಂದ್ರು. ಬಾಯಿ ಬರಲಿಲ್ಲ. ಮತ್ತೊಮ್ಮೆ ಹೇಳ್ರಿ ಅಂದ್ರು, ಅಳು ಬಂತು. ಹಿಂಗ ಹೇಳಿ ಹೇಳಿ ಕಡೀಕ ದನಿ ಗಟ್ಟಿ ಆತು. ಆ ದನಿ ಆರೂದರಾಗ ಮನಿ ಮುಟ್ಟಿ, ಹುಡುಗ ಬರಂಗಿಲ್ಲ, ಓದತಾನ ಅಂದೆ.”

“ಅಜ್ಜ?”

“ಮಗ್ಗಕ್ಕ ಯಾರ ಕುಂಡ್ರತಾರ ಅಂದ. ಅದಕ್ಕ ಏನ ಹೇಳಬೇಕಂತ ನಾ ಇಲ್ಲಿ ಕಲತಿರಲಿಲ್ಲ. ಸುಮ್ಮನ ನಿಂತೆ. ನಿಮ್ಮವ್ವ ಅಡಗಿಮನ್ಯಾಗಿಂದ ಬಂದು, ಕೈ ಒರಸಿಕೊಂಡು, ಕುಣ್ಯಾಗ ಕಾಲ ಇಳಿಬಿಟ್ಟಳು. ಅಕಿಗಿ ಯಾರೂ ಕೇಳಿರಲಿಲ್ಲ.”

ಹಲಗೆ ನಡುವೆ ಇರದಿದ್ದರೆ ಅಪ್ಪ ಇದನ್ನು ನನಗೆ ಈ ಜನ್ಮದಲ್ಲಿ ಹೇಳುತ್ತಿರಲಿಲ್ಲ. ಹೊರಗೆ ಬಂದು, ಇದನ್ನು ನಾನು ಯಾರಿಗಾದರೂ ಹೇಳಬಹುದೇ ಎಂದು ಕೇಳಿದೆ. “ನೀ ಏನ ಫಾದರ್ ಏನಲೇ?” ಎಂದು ಬೈದ.

ಮನೆಯಲ್ಲಿ ಅವ್ವ ಎಂದಿನಂತೆ ಗೋಡೆಗೆ ಒರಗಿ, ಮಡಚಲು ಬಾರದ ಕಾಲುಗಳನ್ನು ಮುಂದೆ ಚಾಚಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಆ ಕಾಲನ್ನು ಎಷ್ಟು ಸಲ ದವಾಖಾನೆಯಲ್ಲಿ ತೋರಿಸಿಲ್ಲ, ವಯಸ್ಸಾಯಿತು ಎಂದು ಎಷ್ಟು ಸಲ ಸಮಾಧಾನ ಹೇಳಿಲ್ಲ! ಅಪ್ಪ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ನನಗೂ ಅವ್ವನಿಗೂ ನಡುವೆ ಹಲಗೆಯಿಲ್ಲ, ಜಾಳಿಗೆಯಿಲ್ಲ. ಎದುರಿಗೆ ಕುಳಿತು ಎಣ್ಣೆಯ ಬಟ್ಟಲು ತೆಗೆದುಕೊಂಡೆ.

“ಅವ್ವಾ, ನಿಂಗ ನೇಯೂದು ಮನಸಿಗಿ ಬರ್ತಿತ್ತೇನು?”

“ಯಾಂವ ಹೇಳಿದ? ಮೊಣಕಾಲು ಹರದ ಹೋಗತಿದ್ದುವು.”

“ಮತ್ತ ಅಷ್ಟು ವರ್ಷ ಯಾಕ ಕುಂತಿ?”

ಅವ್ವ ನನ್ನ ಮುಖ ನೋಡಿದಳು. ಇಷ್ಟು ಓದಿದ ಮಾಸ್ತರನಿಗೆ ಇದೂ ತಿಳಿಯುವುದಿಲ್ಲವೇ ಎಂಬಂತೆ.

“ನೀ ಸಾಲ್ಯಾಗಿದ್ದೆಲ್ಲೋ,” ಎಂದಳು.