ಚೆಂಡೆಸೆವ ತೋಳುಗಳನ್ನು ಕಾಯ್ದ ಚನ್ನಕ್ಕ ಕೊಣ್ಣೂರ

ಬೇಸ್‌ಬಾಲ್ ಎಂದೊಡನೆ ‘ಕ್ರಿಕೆಟ್ ಥರಾನೇ ಇರುತ್ತಲ್ಲ, ಅದಾ?’ ಎಂದು ಕೇಳುವವರೇ ಹೆಚ್ಚಾಗಿರುವ ನಾಡಿನಲ್ಲಿ, ಆ ಆಟದ ಪಿಚರ್‌ಗಳನ್ನು, ಎಂದರೆ ದಿಬ್ಬದ ಮೇಲೆ ನಿಂತು ಚೆಂಡೆಸೆಯುವ ಆಟಗಾರ್ತಿಯರನ್ನು, ಮೂವತ್ತಮೂರು ವರ್ಷ ತಯಾರು ಮಾಡಿದವರು ಶ್ರೀಮತಿ ಚನ್ನಕ್ಕ ಕೊಣ್ಣೂರ. ಜಾಲಹಳ್ಳಿಯ ಮಹಿಳಾ ಕಾಲೇಜೊಂದರ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿ ಈ ಮೇ ತಿಂಗಳಲ್ಲಿ ನಿವೃತ್ತರಾದ ಅವರು ಗೆದ್ದುಕೊಟ್ಟ ಕಪ್ಪುಗಳ ಪಟ್ಟಿ ಈ ಅಭಿನಂದನ ಸಂಪುಟದ ಬೇರೆ ಪುಟಗಳಲ್ಲಿದೆ. ಅವರು ತಿಳಿದೂ ತಿಳಿದೂ ಸೋತ ಒಂದು ಪಂದ್ಯದ ಸಂಗತಿಯೂ ಎಲ್ಲಾದರೂ ದಾಖಲಾಗಬೇಕು.

ವಿಜಯಪುರದ ಕಡೆಯಿಂದ ೧೯೯೨ರಲ್ಲಿ ಬಂದಾಗ ಅವರು ಜಾವೆಲಿನ್ ಎಸೆತಗಾರ್ತಿ. ಬೇಸ್‌ಬಾಲನ್ನು ಕಲಿತದ್ದು ಇಲ್ಲಿಗೆ ಬಂದ ಮೇಲೆ, ಹತ್ತು ದಿನಗಳ ಒಂದು ಶಿಬಿರದಲ್ಲಿ. ಫ್ಯಾಕ್ಟರಿ ಕ್ವಾರ್ಟರ್ಸ್ ಪಕ್ಕದ ಮೈದಾನದಿಂದ ಕಲ್ಲು ಆರಿಸಿ, ತಾವೇ ಮಣ್ಣು ಹೊತ್ತು ದಿಬ್ಬ ಕಟ್ಟಿದರು. ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಬರುತ್ತಿದ್ದ ಹುಡುಗಿಯರಿಗೆ ಅವರ ಚೀಲದಲ್ಲಿ ಚಪಾತಿ, ಶೇಂಗಾ ಚಟ್ನಿ ಸದಾ ಇರುತ್ತಿತ್ತು.

ಅವರ ಮೊದಲ ದೊಡ್ಡ ಪಿಚರ್ ಕೊಡಿಗೇಹಳ್ಳಿಯ ರಾಧಾಮಣಿ. ೨೦೦೬ರ ಅಂತರ ಕಾಲೇಜು ಫೈನಲ್‌ನಲ್ಲಿ ಭುಜ ಉರಿಯುತ್ತಿದೆ ಎಂದು ಆಕೆ ಹೇಳಿದಾಗ, ಗೆಲುವಿನ ಹುಮ್ಮಸ್ಸಿನಲ್ಲಿದ್ದ ಚನ್ನಕ್ಕ, “ಇನ್ನೊಂದ ಇನಿಂಗ್ಸ್ ಐತಿ, ಹಲ್ಲು ಕಚ್ಚಿ ಹಾಕಿಬಿಡವಾ” ಎಂದರು. ಕಪ್ಪು ಬಂತು, ರಾಧಾಮಣಿಯ ತೋಳು ಹೋಯಿತು. ಇಂದು ಗಣಿತದ ಶಿಕ್ಷಕಿಯಾಗಿರುವ ಆಕೆ ಕಪ್ಪುಹಲಗೆಯ ಕೆಳಗಿನ ಅರ್ಧದಲ್ಲಷ್ಟೇ ಬರೆಯುತ್ತಾರೆ.

ಬೇರೆಯವರಾಗಿದ್ದರೆ ಅದೃಷ್ಟವನ್ನು ದೂರುತ್ತಿದ್ದರೇನೋ. ಚನ್ನಕ್ಕ ಮಾತ್ರ ಆ ಮನೆಗೆ ಹೋಗಿ, ರಾಧಾಮಣಿಯ ತಾಯಿ ಗೋಪಾಲಮ್ಮನವರ ಎದುರು ನಿಂತು, “ತಪ್ಪು ನಂದ ಐತ್ರಿ” ಎಂದರು.

ಗೋಪಾಲಮ್ಮ ಕೂರಲೂ ಹೇಳಲಿಲ್ಲ. “ತಪ್ಪಾಯ್ತು ಅಂದ್ರೆ ತೋಳು ಬತ್ತದಾ ಮೇಡಂ? ಇನ್ನೊಬ್ರ ಮಗೀಗೆ ಇಂಗಾಗ್ದಂಗೆ ನೋಡ್ಕಳಿ, ಅಷ್ಟೇಯ” ಎಂದು ಒಳಗೆ ನಡೆದರು.

ಅಂದಿನಿಂದ ಚನ್ನಕ್ಕ ಮತ್ತೆ ವಿದ್ಯಾರ್ಥಿನಿಯಾದರು. ರಜೆಗಳಲ್ಲಿ ಫಿಸಿಯೋಥೆರಪಿಸ್ಟರೊಬ್ಬರ ಬಳಿ ಕೂತು ಭುಜದ ಕೀಲು, ಸ್ನಾಯುಗಳನ್ನು ಓದಿಕೊಂಡರು. ಎಸೆತದ ಬಲ ಕಾಲು, ಸೊಂಟಗಳಿಂದ ಏಳಬೇಕು, ತೋಳು ಅದನ್ನು ದಾಟಿಸಿದರೆ ಸಾಕು ಎಂಬುದು ಅವರ ಪಾಠದ ತಿರುಳಾಯಿತು. ಕಂಬಕ್ಕೆ ರಬ್ಬರ್ ಪಟ್ಟಿ ಕಟ್ಟಿ ಎಳೆಸಿದರು. ಚೆಂಡಿನ ಬದಲು ಟವೆಲ್ ಹಿಡಿಸಿ ಎಸೆತದ ಭಂಗಿಯನ್ನು ವಾರಗಟ್ಟಲೆ ತಿದ್ದಿದರು. ‘ಬಟ್ಟೆ ಒಗೆಯೋ ಕ್ಲಾಸು’ ಎಂದು ಕಾಲೇಜೇ ನಕ್ಕಿತು. ಪಂದ್ಯಕ್ಕೆ ತೊಂಬತ್ತು ಎಸೆತ, ಆಮೇಲೆ ನಾಲ್ಕು ದಿನ ವಿಶ್ರಾಂತಿ: ಇದು ಯಾರಿಗೂ ಸಡಿಲವಾಗದ ಅವರ ನಿಯಮ.

ಆ ನಿಯಮದ ನಿಜವಾದ ಪರೀಕ್ಷೆ ನಡೆದದ್ದು ೨೦೧೯ರ ಫೈನಲ್‌ನಲ್ಲಿ. ಒಂದು ರನ್ನಿನ ಮುನ್ನಡೆ, ಕೊನೆಯ ಇನಿಂಗ್ಸ್. ದಿಬ್ಬದ ಮೇಲಿದ್ದ ಶಿಲ್ಪಳ ತೊಂಬತ್ತು ಎಸೆತ ಮುಗಿದಿತ್ತು, ದಣಿವಿಗೆ ಮೊಣಕೈ ಭುಜದ ಮಟ್ಟದಿಂದ ಇಳಿಯತೊಡಗಿತ್ತು. ಮರುವಾರ ರಾಜ್ಯ ತಂಡದ ಆಯ್ಕೆ. ನೋಡಲು ಆಯ್ಕೆದಾರರೂ ಬಂದಿದ್ದರು. ಚನ್ನಕ್ಕ ಅವಳನ್ನು ಹೊರಗೆ ಕರೆದರು.

“ಇನ್ನು ಆರೇ ಆರು ಬಾಲ್ ಮೇಡಂ, ಪ್ಲೀಸ್!” ಎಂದಳು ಶಿಲ್ಪ.

“ಸಾಕು, ಬಾ.”

ಬದಲಿಗೆ ಬಂದ ಹುಡುಗಿ ಎರಡು ರನ್ ಬಿಟ್ಟುಕೊಟ್ಟಳು. ತಂಡ ಸೋತಿತು. ಶಿಲ್ಪಳ ಹೆಸರು ಆ ವರ್ಷದ ಪಟ್ಟಿಯಲ್ಲಿ ಬರಲಿಲ್ಲ. ಆಡಳಿತ ಮಂಡಳಿ ಚನ್ನಕ್ಕನವರಿಂದ ತಂಡವನ್ನು ಎರಡು ವರ್ಷ ಕಿತ್ತುಕೊಂಡಿತು. ಶಿಲ್ಪ ಅವರೊಡನೆ ಮಾತು ಬಿಟ್ಟಳು. ಎರಡು ವರ್ಷದ ಮೇಲೆ ರಾಜ್ಯಕ್ಕೆ ಆಡಿದಳು. ಆ ಸುದ್ದಿಯನ್ನು ಚನ್ನಕ್ಕ ಪತ್ರಿಕೆಯಲ್ಲಿ ಓದಿದರು. ಅಂದು ತಾವು ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ ಎಂಬುದನ್ನು ಹತ್ತಿರದವರು ಬಲ್ಲರು. ಆರೋಗ್ಯವಾಗಿರುವ ತೋಳು, ಆಡಿಸಿದ್ದರೆ ಕೆಡುತ್ತಿತ್ತು ಎಂದು ಸಾಬೀತು ಮಾಡುವುದಿಲ್ಲ. ಕೆಟ್ಟ ತೋಳಷ್ಟೇ ಸಾಕ್ಷಿ ನುಡಿಯುತ್ತದೆ.

ಕಳೆದ ಫೆಬ್ರವರಿಯ ಒಂದು ಸಂಜೆ ಚನ್ನಕ್ಕನವರ ಫೋನು ಬಡಿದುಕೊಂಡಿತು.

“ಮೇಡಂ, ನಾನು ಶಿಲ್ಪ. ಯಲಹಂಕದ ಸ್ಕೂಲಲ್ಲಿ ಪಿ.ಟಿ. ಟೀಚರ್ ಆಗಿದೀನಿ. ಇವತ್ತು ನಮ್ ಪಿಚರ್ ಭುಜ ಹಿಡ್ಕೋತಿದ್ಲು, ಹೊರಗೆ ಕರೆದ್ಬಿಟ್ಟೆ. ಸೋತ್ವಿ. ಅಳ್ತಾ ಕೂತಿದಾಳೆ, ನನ್ ಮುಖಾನೂ ನೋಡ್ತಿಲ್ಲ. ಏನ್ ಹೇಳ್ಲಿ ಅವಳಿಗೆ?”

ಚನ್ನಕ್ಕ ಕುರ್ಚಿ ಎಳೆದುಕೊಂಡು ಕೂತರು.

“ಏನೂ ಹೇಳಬ್ಯಾಡ. ಮೊದ್ಲ ಊಟ ಮಾಡಸು. ನಾಳೆ ನಾ ಬರ್ತೀನಿ, ಭುಜ ನೋಡೂಣು.”

ಮರುದಿನ ಹೋದವರು ಅಂದಿನಿಂದ, ಮೊಣಕಾಲು ನೋಯುತ್ತಿದ್ದರೂ, ಪ್ರತಿ ಶನಿವಾರ ಯಲಹಂಕದ ಬಸ್ಸು ಹತ್ತುತ್ತಿದ್ದಾರೆ. ಶಿಲ್ಪ ಪಕ್ಕದಲ್ಲಿ ನಿಂತು ಎಸೆತ ಎಣಿಸುತ್ತಾಳೆ. ಹಳೆಯ ಫೈನಲ್ಲಿನ ಮಾತನ್ನು ಇಬ್ಬರೂ ಇನ್ನೂ ಎತ್ತಿಲ್ಲವಂತೆ. ಮೇಡಂ ಅವರ ಮೊಣಕಾಲ ನೋವು ಇಳಿಯಲಿ, ಆಯುಸ್ಸು ಬೆಳೆಯಲಿ, ಅವರ ಶನಿವಾರಗಳಿಗೆ ನಿವೃತ್ತಿ ಎಂಬುದು ಬಾರದಿರಲಿ.