ಹೊಳ್ಳಿ ಎಂಬ ಕವಲು

ಮಳೆ ಕೈಕೊಟ್ಟ ಆ ವರ್ಷ ಬೀದರಿನ ಒಂದು ತರಬೇತಿ ಕೇಂದ್ರದಲ್ಲಿ ನಾನು ಗಿಟ್ ಕಲಿಸುತ್ತಿದ್ದೆ. ಬರೆದ ಕೋಡಿನ ಪ್ರತಿ ಹಂತವನ್ನೂ 'ಕಮಿಟ್' ಮಾಡಿ ಕಾದಿಟ್ಟು, ಬೇಕೆಂದಾಗ ಹಿಂದಿನದನ್ನು ತೆರೆದು ತೋರಿಸುವ ಸಾಧನ ಅದು. ಹಾಗೆ ಹಿಂದಕ್ಕೆ ಹೋಗುವ 'ಚೆಕ್‌ಔಟ್' ಆದೇಶಕ್ಕೆ ಅಲ್ಲಿ ಕಲಿಯುತ್ತಿದ್ದ ಹುಡುಗಿಯರು ತಮ್ಮದೇ ಹೆಸರಿಟ್ಟಿದ್ದರು: ಹೊಳ್ಳಿ. ನಮ್ಮ ಕಡೆ ಹೊಳ್ಳಿ ಎಂದರೆ ಮರಳಿ. ಹೈದರಾಬಾದಿಗೆ ದುಡಿಯಲು ಹೋದವರ ಬಗ್ಗೆ ಆಗ ದಿನವೂ ಕೇಳುತ್ತಿದ್ದ ಮಾತೂ ಅದೇ. ಹೊಳ್ಳಿ ಯಾವಾಗ ಬರ್ತಾರ?

ಔರಾದ ಕಡೆಯ ಒಬ್ಬ ಹುಡುಗಿಯ ತಂದೆತಾಯಿಯೂ ಹಾಗೆ ಹೋಗಿದ್ದರು. ಅವಳು ಭಾಲ್ಕಿಯ ಚಿಕ್ಕಮ್ಮನ ಮನೆಯಿಂದ ಬಂದು ಕಲಿಯುತ್ತಿದ್ದಳು. ಕೇಂದ್ರದಲ್ಲಿ ಒಂದು ಕೆಲಸ ಖಾಲಿ ಇತ್ತು. ಅದು ಸಿಕ್ಕರೆ ಇಲ್ಲೇ ಉಳಿಯಬಹುದು; ಇಲ್ಲವಾದರೆ ಅವಳೂ ಕಟ್ಟಡದ ಕೆಲಸಕ್ಕೆ ಹೋಗಬೇಕು. ಯಾವ ಊರಿಗೆ ನೀರಿನ ಟ್ಯಾಂಕರ್ ಯಾವಾಗ ಬರುತ್ತದೆಂದು ತೋರಿಸುವ ಪುಟವನ್ನು ಮಾಡಿದ್ದಳು. ಆ ಕೆಲಸಕ್ಕೆ ಆರಿಸುವ ಪರೀಕ್ಷಕರಿಗೆ ಅದನ್ನು ತೋರಿಸುವುದು ಮಧ್ಯಾಹ್ನ. ಬೆಳಿಗ್ಗೆ ತೆರೆದರೆ ಪುಟ ಖಾಲಿ.

“ಅಕ್ಕಾರ, ಎಲ್ಲಾ ಹೋತ್ರಿ.”

“ಏನ್ ಮಾಡ್ದಿ?”

“ಹಳೀದು ನೋಡೋಣಂತ ಹೊಳ್ಳಿ ಹೋದ್ನಿರಿ. ಅಲ್ಲೇ ಕುಂತು ಕೆಲಸ ಮಾಡ್ದೆ, ಕಮಿಟ್‌ನೂ ಮಾಡ್ದೆ. ಈಗ ಮೇನ್‌ಗೆ ಬಂದ್ರ ಏನೂ ಇಲ್ರಿ.”

ಪಕ್ಕದಲ್ಲಿದ್ದ ಇನ್ನೊಬ್ಬಳು, ರೈಲು ನಿಲ್ಲುವ ಭಾಲ್ಕಿಯಲ್ಲೇ ಹುಟ್ಟಿ ಬೆಳೆದವಳು, ನಕ್ಕಳು. “ಔರಾದಕ್ಕ ರೈಲೇ ಇಲ್ಲಲ್ರಿ. ಇಕಿಗೆ ಹಳಿ ಹ್ಯಾಂಗ ಗೊತ್ತಾಗಬೇಕು?”

ಕುಟುಕು ಮಾತಾದರೂ ಸರಿಯಾಗಿತ್ತು. ಗಿಟ್‌ನಲ್ಲಿ ಕೆಲಸ ಸಾಗುವ ಹಳಿಗೆ ಬ್ರಾಂಚ್, ಅಂದರೆ ಕವಲು, ಎನ್ನುತ್ತಾರೆ; ಹಳೆಯ ಹಂತಕ್ಕೆ ಹೋದಾಗ ನಾವು ಯಾವ ಕವಲಿನ ಮೇಲೂ ಇರುವುದಿಲ್ಲ. ಅಲ್ಲಿ ಉಳಿಸಿದ ಕೆಲಸಕ್ಕೆ ಹೆಸರಿಲ್ಲ. ಮೇನ್ ಎಂಬ ಮುಖ್ಯ ಕವಲಿಗೆ ಬಂದೊಡನೆ ಅದು ಕಣ್ಮರೆ. ಆದರೆ ಅಳಿದಿರುವುದಿಲ್ಲ.

ಕೀಲಿಮಣೆಗೆ ಕೈಹಾಕಬಾರದೆಂದು ನಾನು ಕೈಕಟ್ಟಿ ನಿಂತೆ. “ರಿಫ್ಲಾಗ್ ಹೊಡಿ. ನೀ ಎಲ್ಲೆಲ್ಲಿ ಹೋಗಿ ಬಂದಿ, ಎಲ್ಲಾ ತೋರಸ್ತದ.”

ಸಾಲುಗಳು ಬಂದವು. 'ಟ್ಯಾಂಕರ್' ಎಂದು ತಾನೇ ಬರೆದಿದ್ದ ಸಾಲಿನ ಮೇಲೆ ಅವಳು ಬೆರಳಿಟ್ಟಳು. “ಇಲ್ಲೇ ಅದರಿ!”

“ಅದರ ಮ್ಯಾಲ ಒಂದು ಬ್ರಾಂಚ್ ಮಾಡು. ಹೆಸರು ಕೊಡು.”

ಅವಳು 'ಹೊಳ್ಳಿ' ಎಂದು ಹೆಸರಿಟ್ಟಳು. ಆ ಕವಲನ್ನು ಮೇನ್‌ಗೆ ಸೇರಿಸಿದಾಗ ಪುಟ ಮತ್ತೆ ತುಂಬಿತು.

ಮಧ್ಯಾಹ್ನ ಪರೀಕ್ಷಕರು ಇದೆಂಥ ಹೆಸರು ಎಂದರು. ಅವಳು ನಡೆದದ್ದನ್ನೆಲ್ಲ ಹೇಳಿ, ಆ ಕೆಲಸವನ್ನು ಅವರೆದುರೇ ಇನ್ನೊಮ್ಮೆ ಕಳೆದು, ಇನ್ನೊಮ್ಮೆ ಹುಡುಕಿದಳು. ಕೆಲಸ ಸಿಕ್ಕಿತು.

ಸಂಜೆ ಬಸ್ ನಿಲ್ದಾಣದಲ್ಲಿ ಅವಳು ಫೋನಿಗೆ ಕೂಗುತ್ತಿದ್ದಳು. ನಾನು ದೂರ ನಿಂತೆ, ಕೇಳಿಸುವಷ್ಟು ದೂರ.

“ಅವ್ವಾ, ನಾ ಬರಂಗಿಲ್ಲ. ಮಳಿ ಆಗ್ಲಿ, ನೀವೇ ಹೊಳ್ಳಿ ಬರ್ರಿ.”